ಗಾಜಿನ ಕರುವಿಗೆ ಎಣ್ಣೆ

ಪುತ್ತೂರಿನ ಕಲಂದರ್ ಬ್ಯಾರಿ ಗಾಜಿನ ಬೊಂಬೆಯ ಮುಖ ನೋಡಿದವನೇ ಅಲ್ಲ. ನಾಯಿಮರಿ ಇರಲಿ, ಹಂಸ ಇರಲಿ, ಕಾವಿಗೆ ಕೂತ ಹೇಂಟೆ ಇರಲಿ, ಕೈಗೆ ಬಂದದ್ದೇ ತಡ, ತಟಕ್ಕನೆ ಮಗುಚಿ ಅಡಿ ನೋಡುವುದು ಅವನ ಚಾಳಿ. "ಮುಖ ಎಲ್ಲದಕ್ಕೂ ಚಂದವೇ ಇರ್ತದೆ ಮಾರಾಯ್ರೆ. ಹುಟ್ಟಿದ ಊರು ಗೊತ್ತಾಗುದು ಅಡಿಯಲ್ಲಿ" ಎನ್ನುತ್ತ ಹೆಬ್ಬೆರಳಿನ ಉಗುರನ್ನು ಗಾಜಿನ ಮೈಮೇಲೆ ಒಮ್ಮೆ ಓಡಿಸುತ್ತಿದ್ದ. ಅಚ್ಚಿನ ಹೋಳುಗಳು ಕೂಡಿದಲ್ಲಿ ಗಾಜಿನ ಮೇಲೆ ಒಂದು ಗೆರೆ ಏಳುತ್ತದೆ. ಅದು ಉಗುರಿಗೆ ತಾಗಿದರೆ ಒಂದು ದೇಶ, ತಾಗದಿದ್ದರೆ ಇನ್ನೊಂದು. ಅಡಿಯನ್ನು ಉಜ್ಜಿ ನಯ ಮಾಡಿದ್ದರೆ ಬೆಲ್ಜಿಯಂ, ಚೀಟಿ ಅಂಟಿಸಿ ಕಿತ್ತ ಗುರುತಿದ್ದರೆ ಜಪಾನು, ಒಳಗೆ ಗುಳ್ಳೆ ಎದ್ದು ಸ್ವಲ್ಪ ಹಸುರು ಹೊಡೆದರೆ ನಮ್ಮದೇ ದೇಶದ ಯಾವುದೋ ಕಾರ್ಖಾನೆ. ಇದು ಕಲಂದರನ ಶಾಸ್ತ್ರ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಹೊಟ್ಟೆಪಾಡು ನಡೆಯುತ್ತಿದ್ದದ್ದು ಲಾಟೀನಿನ ಚಿಮಿಣಿ, ಲೋಟ, ಉಪ್ಪಿನಕಾಯಿ ಭರಣಿಗಳಿಂದ. ಬೊಂಬೆ ಅವನ ಹುಚ್ಚು. ಎಳೆ ಪ್ರಾಯದಲ್ಲಿ ಬೊಂಬಾಯಿಯ ಗೋದಾಮೊಂದರಲ್ಲಿ ಬೈಹುಲ್ಲಿನೊಳಗಿಂದ ಗಾಜಿನ ಮಾಲು ಬಿಚ್ಚುತ್ತ ಬಿಚ್ಚುತ್ತ ಈ ಹುಚ್ಚು ಹತ್ತಿಸಿಕೊಂಡಿದ್ದ. ತೋಟದ ಮನೆಗಳವರು ಮದುವೆಯ ಉಡುಗೊರೆ ವಿದೇಶದ್ದೋ ಸ್ವದೇಶದ್ದೋ ತಿಳಿಯಲು ಅವನ ಹತ್ತಿರವೇ ಬರಬೇಕು. ಒಮ್ಮೆ ರಾಮಕುಂಜದ ಕಡೆಯ ಗೌರೀಶಂಕರ ಭಟ್ಟರು, ಬೀಗರು ಕೊಟ್ಟ ಗಾಜಿನ ಆನೆಯನ್ನು ಶಾಲಿನಲ್ಲಿ ಸುತ್ತಿ ತಂದು "ವಿಲಾಯತಿದಂತೆ" ಎಂದರು. ಕಲಂದರ್ ಮಗುಚಿ ನೋಡಿ, "ಇದಕ್ಕೆ ವಿಲಾಯತಿ ಎಲ್ಲಿಂದ ಭಟ್ರೆ, ಇದು ಹಡಗಿನ ಮೋರೆಯನ್ನೇ ನೋಡಿಲ್ಲ" ಎಂದುಬಿಟ್ಟ. ಬೀಗರಿಬ್ಬರ ನಡುವೆ ಮಾತುಕತೆ ನಿಂತೇಹೋಯಿತು. ಬೇರೆ ವಿಷಯದಲ್ಲಿ ಹೇಗೋ ಏನೋ, ಗಾಜಿನ ವಿಷಯದಲ್ಲಿ ಮಾತ್ರ ಸುಳ್ಳು ಅವನ ಬಾಯಿಗೆ ಬರುತ್ತಿರಲಿಲ್ಲ.

ಪಂಜದ ಹತ್ತಿರದ ಪೂವಮ್ಮನ ಮಗ ಅಚ್ಚುತ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದು ಚಿಮಿಣಿ ಕೊಳ್ಳಲಿಕ್ಕೆ. ಗಟ್ಟಿಮುಟ್ಟಾದ ಜವ್ವನಿಗ. ಗಂಡ ತೀರಿಕೊಂಡ ಮೇಲೆ ಪೂವಮ್ಮ ಇವನೊಬ್ಬನನ್ನು ಕಟ್ಟಿಕೊಂಡು ಅಣ್ಣ ದೇರಣ್ಣನ ಮನೆ ಸೇರಿದ್ದಳು. ಅಚ್ಚುತ ಶಾಲೆಯಲ್ಲಿ ಕಲಿತದ್ದು ಹೆಸರು ಬರೆಯುವಷ್ಟು, ಅದೂ ಪೂರ್ತಿ ಹೆಸರಲ್ಲ, ಅವ್ವ ಕರೆಯುವ 'ಅಚ್ಚು' ಎಂಬಷ್ಟೇ. ಮುಂದಿನ ಅಕ್ಷರಗಳಿಗೆ ತಾಳ್ಮೆ ಇರಲಿಲ್ಲ, ಓಡಿಬಂದಿದ್ದ.

ಕಪಾಟಿನಲ್ಲಿದ್ದ ಹಂಸವನ್ನು ಕಂಡು ಅವನು ಅಲ್ಲೇ ನಿಂತ. "ಇದನ್ನು ಹೇಗೆ ಮಾಡುದು ಬ್ಯಾರಿಗಳೇ?"

ಯಾರಾದರೂ ಇದನ್ನು ಕೇಳಲಿ ಎಂದೇ ಕಾಯುತ್ತಿದ್ದವ ಕಲಂದರ್. "ಕೆಂಪಗೆ ಕಾದು ಬೆಲ್ಲದ ಪಾಕದ ಹಾಗೆ ಇಳಿಯುವ ಗಾಜನ್ನು ಕಬ್ಬಿಣದ ಅಚ್ಚಿಗೆ ಸುರಿಯುದು. ಮೇಲಿಂದ ಇನ್ನೊಂದು ಕಬ್ಬಿಣದ ದಿಂಡು ಇಳಿಸಿ ಒತ್ತುದು. ಅಚ್ಚು ಬಿಚ್ಚಿ ಕವುಚಿ ಹಾಕಿದ್ರೆ ಹಂಸ."

"ಎಂತದಕ್ಕೆ ಸುರಿಯುದು?"

"ಅಚ್ಚಿಗೆ ಮಾರಾಯ, ಅಚ್ಚಿಗೆ!"

ಅಚ್ಚುತ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ನನ್ನ ಹೆಸರೇ ಅಲ್ವಾ! ಮತ್ತೆ ನಾನು ಇಲ್ಲಿ ಮಾವನ ಗದ್ದೆಯಲ್ಲಿ ಎಂತ ಮಾಡುದು?"

ತಮಾಷೆಯ ಮಾತು ಎಂದುಕೊಂಡರೆ ಅದು ಅವನ ತಲೆಯೊಳಗೆ ಗೂಡು ಕಟ್ಟಿತು. ಸಂತೆಗೆ ಬಂದಾಗೆಲ್ಲ ಅಂಗಡಿಯಲ್ಲಿ ಹಾಜರು. ಬೊಂಬಾಯಿಯಲ್ಲಿ ಅಂಥ ಕಾರ್ಖಾನೆಗಳು ಉಂಟಾ, ಯಾರಾದರೂ ಸೇರಿಸಿಕೊಳ್ಳುತ್ತಾರಾ, ಕೈ ಸುಡುತ್ತದಾ. ಕಲಂದರನೂ ಉಬ್ಬಿ ಉಬ್ಬಿ ಹೇಳಿದ. ಪೂವಮ್ಮನಿಗೆ ವಿಷಯ ಗೊತ್ತಾದಾಗ ಮನೆಯಲ್ಲಿ ರಾಮಾಯಣವೇ ಆಯಿತು. ಇದ್ದ ಒಬ್ಬ ಮಗ ಬೆಂಕಿಯ ಬಾಯಿಗೆ ಹೋಗುತ್ತೇನೆಂದರೆ ಯಾವ ತಾಯಿ ಹೂಂ ಎಂದಾಳು? ದೀಪಾವಳಿಯ ಬೆಳಿಗ್ಗೆ ಅವಳು ಎಣ್ಣೆಯ ಗಿಂಡಿ ಹಿಡಿದು ಮಣೆ ಹಾಕಿ ಕರೆದರೆ ಅವನು ಕೂರಲಿಲ್ಲ. "ಹೋಗ್ಲಿಕ್ಕೆ ಬಿಡ್ತೇನೆ ಅಂತ ಹೇಳು, ಮತ್ತೆ ಕೂರ್ತೇನೆ" ಎಂದ. "ಹಾಗಾದ್ರೆ ಹೋಗು! ನಾನಾಗಿ ಕರೆಯುವ ವರೆಗೆ ಈ ಮೆಟ್ಟಿಲು ಹತ್ತಬೇಡ" ಎಂದು ಅವಳ ಬಾಯಿಯಿಂದ ಬಂದುಹೋಯಿತು. ಹಬ್ಬದ ದಿನ, ತಲೆಗೆ ಎಣ್ಣೆ ಮುಟ್ಟಿಸದೆ, ಅವನು ಅಂಗಳ ದಾಟಿದ.

ಬಸ್ಸು ಹತ್ತುವ ಮೊದಲು ಅವನು ಕಲಂದರನ ಅಂಗಡಿಗೆ ಬಂದಿದ್ದ. ಮುಖ ಊದಿಕೊಂಡಿತ್ತು, ಆದರೂ ನಗಲು ನೋಡಿದ. "ಕಾಗದ ಬರೀಲಿಕ್ಕೆ ನನಗೆ ಬರುದಿಲ್ಲ. ನಾನು ಒತ್ತಿದ ಗಾಜಿನಲ್ಲಿ ನನ್ನ ಹೆಸರು ಇರ್ತದೆ. ನೀವು ಹೇಗೂ ಎಲ್ಲವನ್ನೂ ನೋಡ್ತೀರಲ್ಲ? ಕಂಡ ಕೂಡಲೇ ಅವ್ವನಿಗೆ ಹೇಳಿ."

"ನನ್ನ ಕಣ್ಣು ತಪ್ಪಿಸಿ ಒಂದು ಗಾಜು ಈ ಪೇಟೆಗೆ ಬರ್ಲಿಕ್ಕುಂಟಾ?" ಎಂದ ಕಲಂದರ್. ಅಷ್ಟು ಧೈರ್ಯದಿಂದ ಹೇಳಿದ್ದ.

ಆಮೇಲೆ ಪೂವಮ್ಮ ಬರತೊಡಗಿದಳು. ಸೋಮವಾರದ ಸಂತೆಗೆ ವೀಳ್ಯದೆಲೆಯ ಕಟ್ಟು ತಂದು ಮಾರಿ, ಬಸ್ಸಿಗೆ ಹೊತ್ತಿದ್ದರೆ ಅಂಗಡಿಯ ಮೆಟ್ಟಿಲಲ್ಲಿ ಒಂದು ಗಳಿಗೆ ಕೂರುವುದು. ಕೇಳುವುದು ಒಂದೇ ಮಾತು.

"ಹೆಸರಿನದ್ದು ಬಂತಾ ಬ್ಯಾರಿಗಳೇ?"

"ಬರ್ಲಿಲ್ಲ ಪೂವಕ್ಕ. ಬಂದ್ರೆ ನಾನೇ ಪಂಜಕ್ಕೆ ಓಡಿಬರ್ತೇನೆ."

"ಬಾಯಿಯಿಂದ ಹೊರಗೆ ಹೋದ ಮಾತು ನೋಡಿ. ಎಲ್ಲಿದ್ದಾನೆ ಅಂತ ಗೊತ್ತಾದ್ರೆ ನಾನೇ ಹೋಗಿ ಬಾ ಅಂತ ಕರೀತಿದ್ದೆ. ಊರು ಗೊತ್ತಿಲ್ಲದೆ ಯಾವ ದಿಕ್ಕಿಗೆ ಮುಖ ಮಾಡಿ ಕರೆಯುದು?"

ಕಲಂದರ್ ಬೊಂಬಾಯಿಯ ಪರಿಚಯದವರಿಗೆಲ್ಲ ಬರೆಸಿ ಕೇಳಿದ. ಅಷ್ಟು ದೊಡ್ಡ ಊರಿನಲ್ಲಿ ಒಬ್ಬ ಅಚ್ಚುತನನ್ನು ಎಲ್ಲಿ ಅಂತ ಹುಡುಕುವುದು? ಹೊಸ ಪೆಟ್ಟಿಗೆ ಬಂದಾಗ ಬೈಹುಲ್ಲು ಕೆದರಿ ಒಂದೊಂದನ್ನೂ ಮಗುಚಿ, ಬೆಳಕಿಗೆ ಹಿಡಿದು 'ಅಚ್ಚು' ಎಂಬ ಎರಡು ಅಕ್ಷರ ಹುಡುಕುತ್ತಿದ್ದ. ಅವನ ಹೆಂಡತಿ ಮೈಮೂನಮ್ಮ ಒಂದು ದಿನ ತಡೆಯಲಾರದೆ ಹೇಳಿದಳು: "ಆ ಹೆಂಗಸಿನ ಮೋರೆ ನೋಡ್ಲಿಕ್ಕಾಗುದಿಲ್ಲ. ಒಂದು ಬೊಂಬೆ ಕೊಟ್ಟು 'ಇಗೊಳ್ಳಿ, ನಿಮ್ಮ ಮಗನದ್ದೇ' ಅಂತ ಹೇಳಿದ್ರೆ ನಿಮ್ಮ ಗಂಟು ಎಂತ ಹೋಗ್ತದೆ?"

"ಗಾಜಿನ ವಿಷಯದಲ್ಲಿ ಸುಳ್ಳು ಹೇಳು ಅಂತೀಯಾ? ಅದೂ ಹೆತ್ತ ತಾಯಿಗೆ?" ಎಂದು ಕಲಂದರ್ ರೇಗಿದ. ಮೈಮೂನಮ್ಮ ಸೆರಗು ಕೊಡವಿ ಒಳಗೆ ಹೋದಳು.

ಅಷ್ಟರಲ್ಲಿ ಸರಕಾರ ಹೊರದೇಶದ ಇಂಥ ಮಾಲಿಗೆ ಬಾಗಿಲು ಹಾಕಿತು. ಇನ್ನು ಕೇಳಬೇಕೇ, ಜನರಿಗೆ ಜಪಾನಿನದ್ದೇ ಬೇಕು, ಬೆಲ್ಜಿಯಮ್ಮಿನದ್ದೇ ಬೇಕು. ಬೊಂಬಾಯಿಯ ವ್ಯಾಪಾರಿಗಳು ಹಳೆ ದಾಸ್ತಾನು ಹೊಸ ದಾಸ್ತಾನು ಎಲ್ಲ ಒಂದೇ ಪೆಟ್ಟಿಗೆಗೆ ತುಂಬಿ ಕಳಿಸತೊಡಗಿದರು. ಅಂಥ ಒಂದು ಪೆಟ್ಟಿಗೆಯಲ್ಲಿ ಆ ಕರು ಬಂತು. ಮಡಚಿದ ಕಾಲಿನ ಮೇಲೆ ಮಲಗಿದ ಕರು, ಅಂಗೈ ತುಂಬುವಷ್ಟು ದೊಡ್ಡದು. ಹೊರಮೈ ಪೂರಾ ಮಬ್ಬು ಗಾಜು, ಅಕ್ಕಿ ತೊಳೆದ ನೀರಿನ ಬಣ್ಣ. ಕಲಂದರ್ ಮಗುಚಿದ. ಅಡಿ ಟೊಳ್ಳು; ಟೊಳ್ಳಿನ ಒಳಗೆ, ಕರುವಿನ ಬೆನ್ನಿನ ಒಳಮೈಯಲ್ಲಿ, ಸುರುಳಿ ಸುರುಳಿಯಾದ ಎಂಥದೋ ಬರಹ ಉಬ್ಬಿಕೊಂಡಿತ್ತು. ಕನ್ನಡ ಅಲ್ಲ. ಮಲೆಯಾಳ ಅಲ್ಲ, ಅರಬಿ ಅಲ್ಲ, ಇಂಗ್ಲಿಷೂ ಅಲ್ಲ. ಗೆರೆ ಉಗುರಿಗೆ ತಾಗುವುದಿಲ್ಲ. ಕೆಲಸ ನಯ.

"ಜಪಾನು!" ಎಂದ ಕಲಂದರ್. "ನೋಡು, ಅವರ ಅಕ್ಷರವೇ ಉಂಟು!" ಮೈಮೂನಮ್ಮನನ್ನು ಕರೆದು ತೋರಿಸಿದ. ಬಂದವರಿಗೆಲ್ಲ ಮಗುಚಿ ಮಗುಚಿ ತೋರಿಸಿದ. ಜಪಾನಿನ ಅಕ್ಷರ ಪುತ್ತೂರಿನಲ್ಲಿ ಯಾರು ಕಂಡಿದ್ದರು? ಎಲ್ಲರೂ ತಲೆ ಆಡಿಸಿದರು.

ಒಂದು ದಿನ ಗಿರಾಕಿಯೊಬ್ಬರ ಮಗು ಅದನ್ನು ಬೀಳಿಸಿ ಒಂದು ಕಿವಿ ಮುಕ್ಕಾಯಿತು. ಮುಕ್ಕಾದ ಮಾಲು ಯಾರಿಗೆ ಬೇಕು? ಮೆಟ್ಟಿಲಲ್ಲಿ ಕೂತಿದ್ದ ಪೂವಮ್ಮ ಅದನ್ನು ಎತ್ತಿ ಸೆರಗಿನಿಂದ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸಿನ ಹೊತ್ತಾದರೂ ಕೆಳಗಿಡಲಿಲ್ಲ.

"ಇಟ್ಟುಕೊಳ್ಳಿ ಪೂವಕ್ಕ" ಎಂದ ಕಲಂದರ್. ಮೈಮೂನಮ್ಮನ ಮಾತು ನೆನಪಾಗಿ ಒಂದು ಕ್ಷಣ ಅವನ ನಾಲಿಗೆ ಹಿಂದೆ ಮುಂದೆ ನೋಡಿತು. ಆದರೂ ನಿಜವನ್ನೇ ಹೇಳಿದ. "ಆದ್ರೆ ಇದು ಜಪಾನಿನದ್ದು ಆಯ್ತಾ? ಮಗನದ್ದಲ್ಲ. ಸುಮ್ಮನೆ ಆಸೆ ಹುಟ್ಟಿಸಬಾರ್ದು."

"ಆಗ್ಲಿ ಬ್ಯಾರಿಗಳೇ. ಜಪಾನಿನಲ್ಲಾದ್ರೂ ಇದನ್ನು ಒತ್ತಿದವ ಯಾವಳೋ ಒಬ್ಬಳ ಮಗನೇ ಅಲ್ವಾ?"

ಅವಳು ಕರುವನ್ನು ವೀಳ್ಯದೆಲೆಯ ಖಾಲಿ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಆ ವರ್ಷದಿಂದ ದೀಪಾವಳಿಯ ಬೆಳಿಗ್ಗೆ ಪೂವಮ್ಮ ಕರುವನ್ನು ಮಣೆಯ ಮೇಲಿಟ್ಟು ತೆಂಗಿನೆಣ್ಣೆ ಹಚ್ಚತೊಡಗಿದಳಂತೆ. ಸಂತೆಗೆ ಬಂದಾಗ ಅವಳೇ ಹೇಳಿದ್ದು. "ದೇರಣ್ಣ ನಗಾಡ್ತಾನೆ, ನಿನಗೆ ಮಂಡೆ ಸರಿ ಇಲ್ಲ ಅಂತ. ನಾನು ಆ ಜಪಾನಿನವಳ ಮಗನಿಗೆ ಇಲ್ಲಿ ಎಣ್ಣೆ ಹಚ್ಚುದು ಬ್ಯಾರಿಗಳೇ. ಅವಳೋ, ಅವಳಂಥ ಇನ್ನೊಬ್ಬಳೋ, ಎಲ್ಲಿಯೋ ನನ್ನ ಮಗನ ತಲೆಗೆ ನಾಲ್ಕು ಹನಿ ಹಾಕ್ಲಿ ಅಂತ." ಎಣ್ಣೆ ಹಚ್ಚುವುದು ಮಾತ್ರ, ಮೀಯಿಸುವುದಿಲ್ಲ. ಮೀಯುವುದು ಅಚ್ಚು ಬಂದ ಮೇಲೆ, ಈ ಮನೆಯ ಬಚ್ಚಲಿನಲ್ಲೇ. ಎಣ್ಣೆ ತಾನಾಗಿ ಆರಿ ಧೂಳು ಹಿಡಿಯಲಿ, ಅವಳು ನೀರು ಮುಟ್ಟಿಸುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಪೂವಮ್ಮನ ಕಣ್ಣಿಗೆ ಪೊರೆ ಬಂತು, ಸಂತೆಗೆ ಬರುವುದು ನಿಂತಿತು. ಪಂಜದಿಂದ ಬರುವವರ ಕೈಯಲ್ಲಿ ಮಾತ್ರ ಕೇಳಿ ಕಳಿಸುತ್ತಿದ್ದಳು: ಹೆಸರಿನದ್ದು ಬಂತಾ?

ಅರುವತ್ಮೂರನೆಯ ಇಸವಿಯ ದೀಪಾವಳಿಗೆ ಮುಂಚೆ ಮಂಗಳೂರಿನ ಏಜೆಂಟ್ ಪರಮೇಶ್ವರ ಅಂಗಡಿಗೆ ಬಂದ. ಬೊಂಬಾಯಿಯ ಕಾರ್ಖಾನೆಗಳಿಗೆ ಹೋಗಿ ಮಾಲು ಹಿಡಿದು ಊರೂರಿಗೆ ಒದಗಿಸುವವನು, ಪುತ್ತೂರಿಗೆ ಹೊಸಬ. ಚಾ ಕುಡಿಯುತ್ತ ಅದೂ ಇದೂ ಹೇಳುವಾಗ, "ನಿಮ್ಮ ಕಡೆಯವ ಒಬ್ಬ ಅಲ್ಲಿದ್ದ. ಪಾಪ, ಹೋಗಿಬಿಟ್ಟ" ಎಂದ.

ಕಲಂದರ್ ಗ್ಲಾಸು ಕೆಳಗಿಟ್ಟ. "ಹೆಸರೆಂತ?"

"ಅಚ್ಚುತ. ಸುಳ್ಯ, ಪಂಜ, ಆ ಕಡೆಯಂತೆ. ಕುಲುಮೆಯ ಮನೆಯಲ್ಲಿ ಒತ್ತುವ ಕೆಲಸ. ಎದೆಯ ಕಾಯಿಲೆ ಹಿಡೀತು. ಹೋದ ವರ್ಷದ ಮಳೆಗಾಲದಲ್ಲಿ ತೀರಿಹೋದ. ಜೊತೆಗಿದ್ದವರೇ ಬೆಂಕಿ ಕೊಟ್ಟರಂತೆ. ಆ ಕಾರ್ಖಾನೆಯೂ ಈಗ ಇಲ್ಲ." ಪರಮೇಶ್ವರ ಇನ್ನೊಂದು ಗುಟುಕು ಕುಡಿದ. "ಊರಿಗೆ ಹೋಗು ಮಾರಾಯ, ಗಾಳಿ ಬದಲಾದ್ರೆ ಬದುಕ್ತಿ ಅಂತ ನಾನೇ ಹೇಳಿದ್ದೆ. ಕೇಳ್ಲಿಲ್ಲ. ಪುತ್ತೂರಿನಲ್ಲಿ ಒಬ್ಬರು ಬ್ಯಾರಿಗಳು ಇದ್ದಾರೆ, ಗಾಜು ನೋಡಿದ್ರೆ ಮಾಡಿದವನನ್ನು ಹೇಳ್ತಾರೆ, ನನ್ನದು ಅವರ ಕೈಗೆ ಸಿಕ್ಕಿಯೇ ಸಿಗ್ತದೆ, ಅವ್ವ ಕರೀತಾಳೆ, ಕರೆದ ಮೇಲೆ ಹೋಗ್ತೇನೆ ಅಂತ ಒಂದೇ ಹಟ. ಕರೆ ಬರ್ಲೇ ಇಲ್ಲ. ಆ ಬ್ಯಾರಿ ಯಾರೋ ಏನೋ."

ಅಂಗಡಿಯ ಬಾಗಿಲು ಅರ್ಧ ಎಳೆದು ಕಲಂದರ್ ಒಳಗೆ ಕೂತ. ಹೆಸರಿನ ಗಾಜು ಪುತ್ತೂರಿಗೆ ಬರಲೇ ಇಲ್ಲವಲ್ಲ, ಬಂದಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿತ್ತೇ ಎಂದು ತನಗೆ ತಾನೇ ಹೇಳಿಕೊಂಡ. ಅದೊಂದು ಸಮಾಧಾನ ಅವನಿಗೆ ಉಳಿದಿತ್ತು. ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕಳಿಸುವ ಹಾಗಿಲ್ಲ. ಹಬ್ಬ ಕಳೆಯಲಿ ಎಂದು ಮೈಮೂನಮ್ಮ ಹೇಳಿದಳು. ಕಲಂದರನಿಗೆ ತಡೆಯಲಾಗಲಿಲ್ಲ. ಹಬ್ಬದ ಬೆಳಿಗ್ಗೆಯ ಬಸ್ಸಿಗೇ ಹೊರಟ.

ಕಾಣಿಯೂರು ದಾಟಿ ಪಂಜದಲ್ಲಿ ಇಳಿದು ಗದ್ದೆಯ ಹುಣಿಯ ಮೇಲೆ ನಡೆದು ಹೋದಾಗ ದೇರಣ್ಣನ ಮನೆಯವರೆಲ್ಲ ಮಿಂದು ದೇವಸ್ಥಾನಕ್ಕೆ ಹೋಗಿಯಾಗಿತ್ತು. ಪೂವಮ್ಮ ಒಬ್ಬಳೇ ಜಗಲಿಯಲ್ಲಿದ್ದಳು. ಸ್ವರದಿಂದಲೇ ಗುರುತು ಹಿಡಿದಳು. "ಬ್ಯಾರಿಗಳಾ? ಬನ್ನಿ ಬನ್ನಿ. ಹಬ್ಬದ ದಿನ ಇಷ್ಟು ದೂರ? ಕೂತ್ಕೊಳ್ಳಿ, ಬೆಲ್ಲ ನೀರು ತರ್ತೇನೆ." ಏನೂ ಕೇಳದೆ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಕೇಳಲು ಅವಳಿಗೆ ಹೆದರಿಕೆಯಾಗಿರಬೇಕು.

ಜಗಲಿಯ ಮೇಲೆ ಮಣೆ, ಮಣೆಯ ಮೇಲೆ ಎಣ್ಣೆ ಸುರಿಯುತ್ತಿದ್ದ ಕರು. ಬೇರೆಡೆಯಾಗಿದ್ದರೆ ಕಲಂದರನ ಕೈ ತಾನಾಗಿ ಹೋಗಿ ಅದನ್ನು ಮಗುಚುತ್ತಿತ್ತು. ಆದರೆ ಹಬ್ಬದ ದಿನ ಇನ್ನೊಬ್ಬರ ಮನೆಯಲ್ಲಿ ಮಣೆಗೆ ಏರಿಸಿದ ವಸ್ತು, ಮುಟ್ಟುವುದು ಮರ್ಯಾದೆಯಲ್ಲ. ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ, ಅವನು ಅದನ್ನು ಮೇಲಿಂದ ನೋಡಿದ.

ಎಣ್ಣೆ ಕುಡಿದ ಮಬ್ಬು ಗಾಜು ತಿಳಿಯಾಗಿತ್ತು. ಬೆನ್ನಿನ ಮೂಲಕ ಒಳಗಿನ ಬರಹ ಕಾಣುತ್ತಿತ್ತು. ಅಡಿಯಿಂದ ಜಪಾನಿನ ಸುರುಳಿಯಾಗಿದ್ದದ್ದು ಮೇಲಿಂದ ನೆಟ್ಟಗೆ, ಶಾಲೆ ಬಿಟ್ಟು ಓಡಿದವನ ಸೊಟ್ಟ ಕೈಬರಹದಲ್ಲಿ, 'ಅಚ್ಚು'.

ಯಾ ಅಲ್ಲಾ! ಒತ್ತುವ ಕಬ್ಬಿಣದಲ್ಲಿ ಅಕ್ಷರವನ್ನು ತಿರುವುಮುರುವು ಕೊರೆದರೆ ತಾನೇ ಗಾಜಿನಲ್ಲಿ ಸರಿಯಾಗಿ ಬೀಳುವುದು? ಈ ಮಂಡೆ ಇಲ್ಲದವ ತನಗೆ ಗೊತ್ತಿದ್ದ ಹಾಗೆ ನೆಟ್ಟಗೆ ಕೊರೆದಿದ್ದಾನೆ. ಅಡಿಯಿಂದ ನೋಡಿದವನಿಗೆ ಅದು ಉಲ್ಟಾ. ಇಷ್ಟು ವರ್ಷ ಮೇಲಿಂದ ನೋಡಿದ ಈ ಮನೆಯವರಿಗೋ ಓದು ಬರುವುದಿಲ್ಲ. ಕನ್ನಡಿಗೆ ಒಮ್ಮೆ ಹಿಡಿದಿದ್ದರೆ ಸಾಕಿತ್ತು. ಕಪಾಟಿನ ಹಿಂದೆ ಕನ್ನಡಿಯೂ ಇತ್ತು. ಆಗ ಅಚ್ಚು ಬದುಕಿದ್ದ. ಪೆಟ್ಟಿಗೆ ಕಳಿಸಿದ ವ್ಯಾಪಾರಿಯನ್ನು ಹಿಡಿದರೆ ಕಾರ್ಖಾನೆ ಸಿಗುತ್ತಿತ್ತು, ಕಾರ್ಖಾನೆ ಸಿಕ್ಕಿದರೆ ಅವ್ವನ ಕರೆ ಮುಟ್ಟುತ್ತಿತ್ತು. ಜಪಾನು, ಜಪಾನು ಎಂದು ಊರಿಗೆಲ್ಲ ಡಂಗುರ ಹೊಡೆದ ತನ್ನ ಬಾಯಿಗೆ ಕೆಂಡ ಹಾಕಬೇಕು ಎನಿಸಿತು ಕಲಂದರನಿಗೆ. ಅವನು ಮಣೆಯ ಪಕ್ಕದಲ್ಲೇ ಕುಸಿದು ಕೂತು ಅತ್ತ.

ಪೂವಮ್ಮ ನೀರಿನ ಚೆಂಬು ಹಿಡಿದು ಬಂದಳು. "ಎಂತ ಆಯ್ತು ಬ್ಯಾರಿಗಳೇ?"

"ಪೂವಕ್ಕ, ಇದು ಜಪಾನಿನದ್ದಲ್ಲ. ಅಚ್ಚುವಿನದ್ದು. ಹೆಸರು ಉಂಟು. ನನಗೆ ಕಾಣ್ಲಿಲ್ಲ. ಮೇಲಿಂದ ನೋಡ್ಬೇಕಿತ್ತು, ನಾನು ಅಡಿ ನೋಡಿದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಲಂದರ್ ಅವಳ ಬೆರಳನ್ನು ಟೊಳ್ಳಿನೊಳಗೆ ಉಬ್ಬಿದ ಅಕ್ಷರಗಳ ಮೇಲೆ ಇರಿಸಿದ. ಓದು ಬಾರದವಳು ಆ ಎರಡು ಅಕ್ಷರಗಳನ್ನು ಸವರಿದಳು, ಮತ್ತೆ ಸವರಿದಳು. ಮುಖ ಅರಳಿಹೋಯಿತು. ಕಲಂದರ್ ಅವಳನ್ನು ಅಷ್ಟು ಸಂತೋಷದಲ್ಲಿ ಎಂದೂ ಕಂಡಿರಲಿಲ್ಲ.

"ಹಾಗಾದ್ರೆ ನಾನು ಇಷ್ಟು ವರ್ಷ ಎಣ್ಣೆ ಹಚ್ಚಿದ್ದು ಅವನಿಗೇ! ಪರರ ಮಗ ಅಂತ ಹಚ್ಚಿದ್ದು ನನ್ನ ಅಚ್ಚುವಿನ ತಲೆಗೇ ಬಿತ್ತು! ಇನ್ನು ಎಲ್ಲಿದ್ದಾನೆ ಅಂತ ಗೊತ್ತಾಗ್ತದಲ್ಲ? ಹೋಗುವ ಬ್ಯಾರಿಗಳೇ, ನಾಳೆಯೇ ಹೋಗುವ. ನಾನೇ ಬಾಯಿಬಿಟ್ಟು ಕರೀತೇನೆ. ನೀವು ಒಮ್ಮೆ ಜೊತೆಗೆ ಬನ್ನಿ, ಸಾಕು."

ಅವಳು ಹೇಳುತ್ತಲೇ ಇದ್ದಳು. ಯಾವ ಸೀರೆ ಉಡುವುದು, ಅವನಿಗೆ ಏನು ಕಟ್ಟಿಕೊಂಡು ಹೋಗುವುದು. ಕಲಂದರನ ಅಳು ಮತ್ತೆ ಕೇಳಿಸಿತು. ಅದು ಸಂತೋಷದ ಅಳುವಲ್ಲ. ಮೆಲ್ಲಗೆ ಅವಳ ಮಾತು ನಿಂತಿತು.

"ಯಾವಾಗ?" ಎಂದು ಕೇಳಿದಳು.

"ಹೋದ ವರ್ಷ. ಮಳೆಗಾಲದಲ್ಲಿ."

"ಕಾಯ್ತಿದ್ದನಾ?"

ಕಲಂದರನಿಗೆ ಇಲ್ಲ ಎನ್ನಲಾಗಲಿಲ್ಲ. "ನೀವು ಕರೀತೀರಿ ಅಂತ ಕಾಯ್ತಿದ್ದನಂತೆ ಪೂವಕ್ಕ. ನಾನು ಹೇಳ್ತೇನೆ ಅಂತ ಕಾಯ್ತಿದ್ದನಂತೆ."

ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಅಳಲೂ ಇಲ್ಲ. ಕರುವನ್ನು ಎದೆಗೆ ಒತ್ತಿ ಹಿಡಿದು ಬಚ್ಚಲಿಗೆ ನಡೆದಳು. ಹಬ್ಬದ ಹಂಡೆಯಲ್ಲಿ ಬಿಸಿನೀರು ಇನ್ನೂ ಇತ್ತು. ಕಲಂದರ್ ಹೊರಗೆ ಬಾಗಿಲ ಹತ್ತಿರ ನಿಂತ. ಅವಳು ಕೂತು, ಸೀಗೆಹುಡಿ ಹಾಕಿ, ಮುಕ್ಕಾದ ಕಿವಿಯ ಹಿಂದೆ, ಮಡಚಿದ ಕಾಲಿನ ಸಂದಿಯಲ್ಲಿ ನಿಧಾನವಾಗಿ ತಿಕ್ಕಿದಳು. "ಕಣ್ಣು ಮುಚ್ಚಿಕೋ ಮಗಾ" ಎಂದಳು. ತಂಬಿಗೆಯಿಂದ ನೀರು ಹೊಯ್ದಳು, ಮತ್ತೆ ಹೊಯ್ದಳು. ಇಷ್ಟು ವರ್ಷ ಬಾಕಿ ಇಟ್ಟಿದ್ದ ಸ್ನಾನ ಮುಗಿಯಿತು. ಸೆರಗಿನಿಂದ ಒರೆಸಿ, ಜಗಲಿಗೆ ತಂದು ಬಿಸಿಲಿಗೆ ಇಟ್ಟಳು.

ನೀರು ಆರಿದ ಹಾಗೆ ಗಾಜು ಮತ್ತೆ ಮಬ್ಬಾಗುತ್ತ ಬಂತು. ಮೊದಲು ತಲೆ, ಆಮೇಲೆ ಬೆನ್ನು. ಅಕ್ಷರಗಳು ಮಸುಕಾದವು, ಮುಳುಗಿದವು, ಕೊನೆಗೆ ಅಕ್ಕಿ ತೊಳೆದ ನೀರಿನ ಬಣ್ಣವಷ್ಟೇ ಉಳಿಯಿತು.

"ಬ್ಯಾರಿಗಳೇ, ನನ್ನ ಕಣ್ಣಿಗೆ ಆಗುದಿಲ್ಲ. ಅವನ ಹೆಸರು ಈಗಲೂ ಕಾಣ್ತದಲ್ಲ?"

ಕಲಂದರ್ ಬಗ್ಗಿ ಮೇಲಿಂದ ನೋಡಿದ. ತುಂಬ ಹೊತ್ತು ನೋಡಿದ.

"ಕಾಣ್ತದೆ ಪೂವಕ್ಕ" ಎಂದ. "ಚಂದ ಕಾಣ್ತದೆ."